ಪಾಠ ಮುಗಿಯಿತು, ಮಗು ಕಲಿಯಿತೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ದಿನ ನಮ್ಮ ಹಾಸನ ಜಿಲ್ಲೆಯ ಮನೆಮನೆಗಳಲ್ಲಿ ಒಂದೇ ಮಾತು. ಜಿಲ್ಲೆಗೆ ಎಷ್ಟನೆಯ ಸ್ಥಾನ ಬಂತು? ಹೊಳೆನರಸೀಪುರ ಮುಂದೋ, ಚನ್ನರಾಯಪಟ್ಟಣ ಮುಂದೋ? ಪಕ್ಕದ ಮನೆಯ ಹುಡುಗಿಗೆ ಎಷ್ಟು ಅಂಕ? 2019ರಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರ ಎಲ್ಲರ ಮುಖವನ್ನೂ ಅರಳಿಸಿತ್ತು. ಶೇ. 89.33 ಫಲಿತಾಂಶ ಪಡೆದ ಹಾಸನ ಆ ವರ್ಷ ಇಡೀ ರಾಜ್ಯಕ್ಕೆ ಮೊದಲ ಸ್ಥಾನದಲ್ಲಿತ್ತು. ರಾಜ್ಯದ ಒಟ್ಟು ಫಲಿತಾಂಶ ಆಗ ಶೇ. 73.70 ಮಾತ್ರ. ಈ ಸಾಧನೆಯ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂದು ಅಧಿಕಾರಿಗಳ ಮತ್ತು ರಾಜಕಾರಣಿಗಳ ಮಟ್ಟದಲ್ಲಿ ಚರ್ಚೆಯೂ ನಡೆಯಿತು. 2023ರಲ್ಲಿ ಮತ್ತೆ ಶೇ. 96.68 ಪಡೆದು ಚಿತ್ರದುರ್ಗ, ಮಂಡ್ಯಗಳ ನಂತರ ಮೂರನೆಯ ಸ್ಥಾನದಲ್ಲಿ ನಿಂತಿತು.

ಸಂತೋಷದ ವಿಷಯವೇ. ಇದರ ಹಿಂದೆ ನೂರಾರು ಶಿಕ್ಷಕರ ಬೆವರಿದೆ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಪಟ್ಟಿ ಮಾಡುವುದು, ಬೆಳಿಗ್ಗೆ ಸಂಜೆ ವಿಶೇಷ ತರಗತಿ ನಡೆಸುವುದು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಮತ್ತೆ ಮತ್ತೆ ಬರೆಸುವುದು, ಇವೆಲ್ಲ ಇಂದು ನಮ್ಮ ಪ್ರೌಢಶಾಲೆಗಳಲ್ಲಿ ನಡೆಯುವ ಕೆಲಸಗಳು. ಆದರೆ ಸಹೋದರಿಯರೇ, ಇನ್ನೂ ಕೆಲವು ಅಂಕಿಗಳನ್ನು ನಾವು ನೋಡಬೇಕಾಗಿದೆ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಅಳವಡಿಸಿ ವೆಬ್‌ಕಾಸ್ಟಿಂಗ್ ವ್ಯವಸ್ಥೆ ಮಾಡಲಾಯಿತು. ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಆ ಹೆಚ್ಚುವರಿ ಕೃಪಾಂಕವನ್ನು ನಿಲ್ಲಿಸಿದ 2025ರ ಮೊದಲ ಪರೀಕ್ಷೆಯಲ್ಲಿ ಅದು ಶೇ. 62.34 ಆಯಿತು. ಮಕ್ಕಳು ಒಂದೆರಡು ವರ್ಷಗಳಲ್ಲಿ ದಡ್ಡರಾಗಿಬಿಟ್ಟರೇ? ಖಂಡಿತ ಇಲ್ಲ. ಮೊದಲಿನಿಂದಲೂ ಇದ್ದ ಕೊರತೆ ಕಣ್ಣಿಗೆ ಕಂಡಿತು, ಅಷ್ಟೆ.

ಆ ಕೊರತೆ ಹತ್ತನೆಯ ತರಗತಿಯಲ್ಲಿ ಹುಟ್ಟಿದ್ದಲ್ಲ. ಅದರ ಬೇರು ಎರಡನೆಯ, ಮೂರನೆಯ ತರಗತಿಯಲ್ಲಿದೆ. ಈ ತಿಂಗಳು ಆ ಬೇರಿನ ಬಗ್ಗೆಯೇ ಮಾತನಾಡೋಣ.

ಅಕ್ಷರ ಬಾರದೆ ಮುಂದೆ ಸಾಗುವ ಮಗು

'ಪ್ರಥಮ್' ಸಂಸ್ಥೆಯು ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಓದಿಸಿ ನೋಡುತ್ತದೆ. ಅದರ ವರದಿಯ ಹೆಸರು 'ಅಸರ್'. ನಮ್ಮ ಮನೆಮಾತಿನಲ್ಲಿ ಈ ಪದಕ್ಕೆ ಪರಿಣಾಮ ಎಂಬ ಅರ್ಥವಿರುವುದು ನಿಮಗೆ ಗೊತ್ತೇ ಇದೆ. 2022ರ ವರದಿಯಂತೆ ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಶೇ. 20.5 ಮಾತ್ರ. 2024ರಲ್ಲಿ ಇದು ಶೇ. 27.1ಕ್ಕೆ ಏರಿತು. ಏರಿಕೆ ಸಮಾಧಾನಕರ. ಆದರೂ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಕ್ಕಳು ಹಿಂದಿನ ತರಗತಿಯ ಪುಸ್ತಕವನ್ನೇ ಓದಲಾರರು ಎಂದಾಯಿತು.

ಇಂತಹ ಮಗು ಶಾಲೆಯಲ್ಲಿ ಏನು ಮಾಡುತ್ತದೆ? ಸುಮ್ಮನೆ ಕುಳಿತಿರುತ್ತದೆ. ಗಲಾಟೆ ಮಾಡುವುದಿಲ್ಲ. ಬೋರ್ಡಿನ ಮೇಲೆ ಬರೆದುದನ್ನು ಚಿತ್ರ ಬಿಡಿಸಿದಂತೆ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತದೆ. ಎಲ್ಲರೂ ಒಟ್ಟಿಗೆ ಮಗ್ಗಿ ಹೇಳುವಾಗ ಬಾಯಿ ಆಡಿಸುತ್ತದೆ. ವರ್ಷ ಮುಗಿದೊಡನೆ ಮುಂದಿನ ತರಗತಿಗೆ ಹೋಗುತ್ತದೆ. ಅಲ್ಲಿ ಸಮಾಜ, ವಿಜ್ಞಾನ, ಇಂಗ್ಲಿಷ್ ಎಂದು ಪುಸ್ತಕಗಳು ದಪ್ಪವಾಗುತ್ತವೆ. ಓದಲು ಬಾರದ ಮಗುವಿಗೆ ಎಲ್ಲವೂ ಒಂದೇ. ಮನೆಯಲ್ಲಿ ನಾವು 'ನಮ್ಮ ಹುಡುಗಿ ಬಹಳ ಸೌಮ್ಯ, ಟೀಚರ್ ಒಂದು ದಿನವೂ ದೂರು ಹೇಳಿಲ್ಲ' ಎಂದು ಹೆಮ್ಮೆಪಡುತ್ತಿರುತ್ತೇವೆ.

ಕೊರೋನಾ ಕಾಲದಲ್ಲಿ ಈ ಕಂದಕ ಇನ್ನಷ್ಟು ಆಳವಾಯಿತು. 2020-21ರಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳು ಅಕ್ಷರ ಕಲಿಯುವ ವಯಸ್ಸನ್ನು ಮನೆಯಲ್ಲೇ ಕಳೆದರು. ಸರ್ಕಾರ 2020ರಲ್ಲಿ 'ವಿದ್ಯಾಗಮ', 2022-23ರಲ್ಲಿ 'ಕಲಿಕಾ ಚೇತರಿಕೆ' ಕಾರ್ಯಕ್ರಮಗಳನ್ನು ತಂದು ಹಾನಿಯನ್ನು ತುಂಬಲು ಪ್ರಯತ್ನಿಸಿತು. ಕೆಲವು ಮಕ್ಕಳು ಚೇತರಿಸಿಕೊಂಡರು. ಕೆಲವರು ಹಿಂದೆಯೇ ಉಳಿದರು. ಅವರೇ ಈಗ ಹಿರಿಯ ಪ್ರಾಥಮಿಕ ತರಗತಿಗಳಲ್ಲಿದ್ದಾರೆ.

ಹುಡುಗಿಯರ ವಿಷಯದಲ್ಲಿ ಇದರ ಬೆಲೆ ಬಹಳ ದುಬಾರಿ. ಓದಲು ಬಾರದ ಹುಡುಗಿ ಒಂಬತ್ತನೆಯ ತರಗತಿಗೆ ಬರುವಾಗ ಶಾಲೆಯೆಂದರೆ ಅಂಜುತ್ತಾಳೆ. ಹತ್ತರಲ್ಲಿ ಎರಡು ವಿಷಯ ಹೋದರೆ ಸಾಕು, 'ಓದು ಅವಳ ತಲೆಗೆ ಹತ್ತುವುದಿಲ್ಲ' ಎಂಬ ತೀರ್ಪು ಮನೆಯಲ್ಲಿ ಹೊರಡುತ್ತದೆ. ಮುಂದಿನ ಮಾತು ಮದುವೆಯದು. 2006ರ ಸಾಚಾರ್ ಸಮಿತಿಯ ವರದಿಯ ಪ್ರಕಾರ 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25 ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ ಅಥವಾ ಮಧ್ಯದಲ್ಲೇ ಬಿಟ್ಟಿದ್ದರು. ಅಂದಿನಿಂದ ಇಂದಿಗೆ ನಮ್ಮ ಹೆಣ್ಣುಮಕ್ಕಳು ಬಹಳ ಮುಂದೆ ಬಂದಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಶಾಲೆಗೆ ಹೋಗುವುದು ಬೇರೆ, ಶಾಲೆಯಲ್ಲಿ ಕಲಿಯುವುದು ಬೇರೆ. ಮೊದಲನೆಯದನ್ನು ಸಾಧಿಸಿದ ನಾವು ಎರಡನೆಯದರ ಕಡೆಗೆ ಗಮನ ಕೊಡಬೇಕಾದ ಕಾಲ ಬಂದಿದೆ.

ಕೋಟೆಯ ಮೇಷ್ಟ್ರುಗಳು ತೋರಿಸಿದ ದಾರಿ

ಶಿಕ್ಷಕರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ದೇಶದ ಉದಾಹರಣೆ ಬೇಕಿಲ್ಲ. ನಮ್ಮ ನೆರೆಯ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು 1995ರಲ್ಲಿ ಆಂಧ್ರಪ್ರದೇಶದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ದಿನ ಒಂದೇ ಪಾಠ ಎಂಬ ಪದ್ಧತಿ ಇರಲಿಲ್ಲ. ಕಲಿಯಬೇಕಾದುದನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಕಾರ್ಡುಗಳಲ್ಲಿ ಬರೆದಿದ್ದರು. ಮಗು ಒಂದು ಮೆಟ್ಟಿಲನ್ನು ಹತ್ತಿದ ಮೇಲೆ ಮುಂದಿನದಕ್ಕೆ ಹೋಗುತ್ತಿತ್ತು. ಜ್ವರ ಬಂದು ಹತ್ತು ದಿನ ಶಾಲೆಗೆ ಬಾರದ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದಿತ್ತು.

ಕೋಟೆಯ ಶಿಕ್ಷಕರು ಯುನಿಸೆಫ್ ನೆರವಿನೊಂದಿಗೆ ಇದನ್ನು ಕನ್ನಡಕ್ಕೆ ಹೊಂದಿಸಿದರು. ಅದೇ 'ನಲಿ-ಕಲಿ'. 2009-10ರಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ, ನಂತರ ಮೂರನೆಯ ತರಗತಿಗೂ ವಿಸ್ತರಿಸಲಾಯಿತು. ಮಕ್ಕಳು ಸಾಲು ಬೆಂಚಿನ ಬದಲು ವೃತ್ತಾಕಾರವಾಗಿ ಗುಂಪುಗಳಲ್ಲಿ ಕುಳಿತರು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ, ಮತ್ತೊಂದು ಗುಂಪಿನಲ್ಲಿ ಗೆಳೆಯರಿಂದಲೇ ಕಲಿಕೆ, ಕೊನೆಯ ಗುಂಪಿನಲ್ಲಿ ಮಗು ತಾನೇ ಕಲಿಯುವುದು. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ನಿಭಾಯಿಸಬೇಕಾದ ಅರಕಲಗೂಡಿನ ಅಥವಾ ಹೊಳೆನರಸೀಪುರದ ಸಣ್ಣ ಹಳ್ಳಿಯ ಶಾಲೆಗೆ ಇಂತಹ ವ್ಯವಸ್ಥೆ ಹೇಳಿ ಮಾಡಿಸಿದಂತಿದೆ.

ಈ ಪದ್ಧತಿ ಬಂದಾಗ ಅನೇಕ ತಾಯಂದಿರು ಗಾಬರಿಗೊಂಡರು. 'ವರ್ಷ ಅರ್ಧವಾಯಿತು, ಮಗುವಿಗೆ ಇನ್ನೂ ಅ ಆ ಇ ಈ ಬಾರದು' ಎಂಬುದು ಅವರ ದೂರು. ನಲಿ-ಕಲಿಯಲ್ಲಿ ಮೊದಲು ಕಲಿಸುವ ಅಕ್ಷರಗಳು ರ, ಗ, ಸ, ದ, ಅ. ಇದಕ್ಕೆ ಕಾರಣವಿದೆ. ಅ ಆ ಇ ಈ ಎಂದು ಹದಿಮೂರು ಸ್ವರಗಳನ್ನು ಬಾಯಿಪಾಠ ಮಾಡಿದ ಮಗು ಅವುಗಳಿಂದ ಓದಬಲ್ಲ ಪದಗಳು ಬಹಳ ಕಡಿಮೆ. ಈ ಐದೇ ಅಕ್ಷರ ಬಂದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಮೊದಲ ತಿಂಗಳಲ್ಲೇ ಓದತೊಡಗುತ್ತದೆ. 'ನಾನು ಓದಬಲ್ಲೆ' ಎಂಬ ಧೈರ್ಯ ಮಗುವಿಗೆ ಬರುವುದು ಅಲ್ಲಿಂದಲೇ.

ಎಲ್ಲ ಕಡೆಯೂ ಇದು ಒಂದೇ ರೀತಿ ಫಲ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ಕಾರ್ಡು ಹಂಚಿ ಸುಮ್ಮನಾದರೆ ಮಗು ಅದನ್ನು ತಿರುವಿ ಹಾಕುತ್ತದೆಯೇ ಹೊರತು ಕಲಿಯುವುದಿಲ್ಲ. ಮೆಟ್ಟಿಲು ಹತ್ತಿತೋ ಇಲ್ಲವೋ ಎಂದು ಪ್ರತಿ ಮಗುವಿನಿಂದ ಓದಿಸಿ ಕೇಳುವವರು ಬೇಕು. ಕೇಳುವವರಿದ್ದ ಕಡೆ ಪದ್ಧತಿ ಗೆದ್ದಿತು, ಇಲ್ಲದ ಕಡೆ ಸೋತಿತು.

ಮಕ್ತಬ್‌ನ ಹಳೆಯ ಪಾಠ

ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿ, ಶಾಲೆಯಲ್ಲಿ ಪಾಠ ಮಾಡುತ್ತಿರುವ ನನಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ನಮ್ಮ ಮಕ್ತಬ್‌ನಲ್ಲಿ ಇಪ್ಪತ್ತು ಮಕ್ಕಳಿದ್ದರೆ ಇಪ್ಪತ್ತು ಸಬಕ್ ಇರುತ್ತದೆ. ಒಬ್ಬ ಕಾಯಿದಾದ ಎರಡನೆಯ ಪುಟದಲ್ಲಿ, ಇನ್ನೊಬ್ಬಳು ಮೂವತ್ತನೆಯ ಪಾರಾದಲ್ಲಿ. ಪ್ರತಿಯೊಬ್ಬರೂ ಹಝ್ರತ್‌ರ ಮುಂದೆ ಕುಳಿತು ತಮ್ಮ ಪಾಠ ಒಪ್ಪಿಸಬೇಕು. ಒಪ್ಪಿಸಿದರೆ ಮುಂದಿನ ಸಬಕ್, ತಪ್ಪಿದರೆ ನಾಳೆಯೂ ಅದೇ. ಹಿಫ್ಝ್ ಮಾಡುವವರಿಗೆ ಇಂದಿನ ಸಬಕ್ ಜೊತೆಗೆ ಕಳೆದ ಕೆಲವು ದಿನಗಳ ಸಬ್ಕೀ, ಹಳೆಯ ಪಾಠದ ಮಂಝಿಲ್ ಕೂಡ ದಿನವೂ ನಡೆಯಬೇಕು. ಕಲಿತುದನ್ನು ಅಂತರ ಬಿಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ಮಾತ್ರ ಉಳಿಯುತ್ತದೆ ಎಂದು ಇಂದಿನ ಮನಶ್ಶಾಸ್ತ್ರವೂ ಹೇಳುತ್ತದೆ.

ಮಕ್ತಬ್‌ನ ಕ್ರಮದಲ್ಲೂ ಕೊರತೆಯಿದೆ. ಅರ್ಥ ತಿಳಿಯದೆ ಬಾಯಿಪಾಠ ಮಾಡುವ ಅಭ್ಯಾಸವನ್ನು ಗಣಿತಕ್ಕೂ ವಿಜ್ಞಾನಕ್ಕೂ ತಂದರೆ ಮಗು ಕೆಡುತ್ತದೆ. ಆದರೆ ಪ್ರತಿ ಮಗುವಿನ ಬಾಯಿಂದ ಪಾಠ ಒಪ್ಪಿಸಿಕೊಳ್ಳುವ ಆ ಗುಣವನ್ನು ಶಾಲೆ ಕಲಿಯಬೇಕು. ಪಾಠ ಹೇಳುವುದು ಶಿಕ್ಷಕರ ಅರ್ಧ ಕೆಲಸ. ಪಾಠ ಕೇಳಿಸಿಕೊಳ್ಳುವುದು ಇನ್ನರ್ಧ. ನಮ್ಮ ಶಾಲೆಗಳಲ್ಲಿ ಬಿಟ್ಟುಹೋಗುತ್ತಿರುವುದು ಈ ಎರಡನೆಯ ಅರ್ಧ.

'ಮೂವತ್ತು ಮಕ್ಕಳಿದ್ದಾರೆ, ನಲವತ್ತು ನಿಮಿಷದ ಪೀರಿಯಡ್, ಪ್ರತಿಯೊಬ್ಬರಿಂದಲೂ ಓದಿಸುವುದು ಹೇಗೆ?' ಎಂದು ಶಿಕ್ಷಕಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ದಿನಕ್ಕೆ ಐದು ಮಕ್ಕಳನ್ನು ಹತ್ತಿರ ಕರೆದು ಎರಡೆರಡು ನಿಮಿಷ ಓದಿಸಿದರೆ ಹತ್ತು ನಿಮಿಷ ಸಾಕು. ವಾರಕ್ಕೆ ಆರು ದಿನ ಶಾಲೆ. ಐದಾರಲಿ ಮೂವತ್ತು. ವಾರಕ್ಕೊಮ್ಮೆ ಪ್ರತಿ ಮಗುವೂ ತನ್ನ ಟೀಚರ್‌ಗೆ ಓದಿ ತೋರಿಸಿದಂತಾಯಿತು. ಉಳಿದವರು ಆ ಹೊತ್ತಿನಲ್ಲಿ ಜೋಡಿ ಜೋಡಿಯಾಗಿ ಒಬ್ಬರಿಗೊಬ್ಬರು ಓದಿ ಹೇಳಬಹುದು. ಯಾರು ಅಕ್ಷರದ ಮಟ್ಟದಲ್ಲಿದ್ದಾರೆ, ಯಾರು ಪದ ಓದುತ್ತಾರೆ, ಯಾರು ವಾಕ್ಯ, ಯಾರು ಕತೆ ಓದಬಲ್ಲರು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ತಿಂಗಳ ಕೊನೆಗೆ ಯಾವ ಮಗು ನಿಂತಲ್ಲೇ ನಿಂತಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ.

ಮಕ್ಕಳನ್ನು ವಯಸ್ಸಿನ ಪ್ರಕಾರ ಬಿಟ್ಟು, ಅವರು ಇರುವ ಮಟ್ಟದ ಪ್ರಕಾರ ದಿನದ ಸ್ವಲ್ಪ ಹೊತ್ತು ಗುಂಪು ಮಾಡಿ ಕಲಿಸಿದರೆ ಬೇಗ ಓದಲು ಕಲಿಯುತ್ತಾರೆ ಎಂಬುದನ್ನು ಪ್ರಥಮ್ ಸಂಸ್ಥೆ ಅನೇಕ ರಾಜ್ಯಗಳಲ್ಲಿ ಮಾಡಿ ತೋರಿಸಿದೆ. ಇದನ್ನು ಪರೀಕ್ಷಿಸಿ ನೋಡಿದವರಲ್ಲಿ 2019ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಕೂಡ ಇದ್ದಾರೆ. ನಮ್ಮ ರಾಜ್ಯದಲ್ಲಿ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗಾಗಿ ನಡೆದ 'ಓದು ಕರ್ನಾಟಕ' ಕಾರ್ಯಕ್ರಮದ ತಿರುಳೂ ಇದೇ.

ತಪ್ಪಿನೊಳಗೆ ಇಣುಕಿ ನೋಡಿ

ಕೇಳಿಸಿಕೊಳ್ಳುವ ಶಿಕ್ಷಕರಿಗೆ ಮಗುವಿನ ತಪ್ಪೂ ಮಾತನಾಡುತ್ತದೆ. 52ರಿಂದ 18ನ್ನು ಕಳೆಯಲು ಹೇಳಿದಾಗ ಒಂದು ಮಗು 46 ಎಂದು ಬರೆಯುತ್ತದೆ ಎನ್ನಿ. ಸರಿಯುತ್ತರ 34. ಕೆಂಪು ಶಾಯಿಯಲ್ಲಿ ಅಡ್ಡಗೀಟು ಹಾಕಿ ಮುಂದೆ ಹೋಗುವುದು ಸುಲಭ. 'ಹೇಗೆ ಮಾಡಿದೆ, ಹೇಳು ನೋಡೋಣ' ಎಂದು ಕೇಳಿದರೆ ವಿಷಯ ತಿಳಿಯುತ್ತದೆ. ಎರಡರಲ್ಲಿ ಎಂಟು ಹೋಗುವುದಿಲ್ಲ, ಆದ್ದರಿಂದ ಅದು ಎಂಟರಲ್ಲಿ ಎರಡನ್ನು ಕಳೆದು ಆರು ಬರೆದಿದೆ. ಐದರಲ್ಲಿ ಒಂದು ಹೋದರೆ ನಾಲ್ಕು. ಅದಕ್ಕೆ ಲೆಕ್ಕ ಬಾರದೆಂದಲ್ಲ, ಹತ್ತನ್ನು ಬಿಡಿಸಿ ಬಿಡಿಗಳಾಗಿ ಮಾಡಿಕೊಳ್ಳುವುದು ಬಾರದು. ಹತ್ತು ಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿ ಮುಂದಿಟ್ಟು ಒಂದು ಕಟ್ಟು ಬಿಚ್ಚಿಸಿದರೆ ಒಂದೇ ದಿನದಲ್ಲಿ ಸರಿಹೋಗುವ ತಪ್ಪು ಇದು. ಹಾಗೆಯೇ ಬಿಟ್ಟರೆ ಹತ್ತನೆಯ ತರಗತಿಯವರೆಗೂ ಜೊತೆಗೆ ಬರುತ್ತದೆ.

ಇನ್ನೊಂದು ಸಣ್ಣ ವಿಷಯ. ಪ್ರಶ್ನೆ ಕೇಳಿದ ಮೇಲೆ ನಾವು ಎಷ್ಟು ಹೊತ್ತು ಕಾಯುತ್ತೇವೆ? ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿಗಿಂತ ಹೆಚ್ಚು ಕಾಯುತ್ತಿರಲಿಲ್ಲ. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು, ಹಿಂದೆ ಬಾಯಿ ಬಿಡದ ಮಕ್ಕಳೂ ಮಾತನಾಡತೊಡಗಿದರು. ಪ್ರವಾದಿ(ಸ)ರು ಜನರಿಗೆ ಅರ್ಥವಾಗಲೆಂದು ತಮ್ಮ ಮಾತನ್ನು ಮೂರು ಬಾರಿ ಹೇಳುತ್ತಿದ್ದರೆಂದು ಹದೀಸ್‌ಗಳಿಂದ ತಿಳಿಯುತ್ತದೆ. ಕಲಿಸುವವರಿಗೆ ತಾಳ್ಮೆಯೇ ಮೊದಲ ಬಂಡವಾಳ.

ಮನೆಯ ಮಾತು, ಶಾಲೆಯ ಮಾತು

ನಮ್ಮ ಮನೆಗಳ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಹಾಸನ, ಹೊಳೆನರಸೀಪುರದಂತಹ ಪಟ್ಟಣಗಳಲ್ಲಿ ನಮ್ಮಲ್ಲಿ ಹೆಚ್ಚಿನವರ ಮನೆಮಾತು ಉರ್ದು. ಆರು ವರ್ಷದ ಮಗು ಒಂದು ದಿನ ಬೆಳಗಾಗೆದ್ದು ಕನ್ನಡ ಶಾಲೆಗೆ ಹೋಗುತ್ತದೆ. ಇಲ್ಲವೇ ಉರ್ದು ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿ ಕನ್ನಡದ ಅಥವಾ ಇಂಗ್ಲಿಷಿನ ಪ್ರೌಢಶಾಲೆಗೆ ಸೇರುತ್ತದೆ. ಉರ್ದುವಿನಲ್ಲಿ 'ಳ' ಇಲ್ಲ, 'ಣ' ಕಡಿಮೆ. ಹೀಗಾಗಿ ಮಗುವಿನ ಬಾಯಲ್ಲಿ ಮಳೆ 'ಮಲೆ'ಯಾಗುತ್ತದೆ, ಹಣ 'ಹನ'ವಾಗುತ್ತದೆ. ತರಗತಿ ಗೊಳ್ಳೆಂದು ನಕ್ಕರೆ ಆ ಮಗು ಮತ್ತೆ ಬಾಯಿ ತೆರೆಯುವುದು ಕಷ್ಟ. ಕಾರಣ ತಿಳಿದ ಶಿಕ್ಷಕಿ ನಗುವುದಿಲ್ಲ, ನಾಲಿಗೆಯನ್ನು ಮೇಲಕ್ಕೆ ಮಡಿಸಿ ಹೇಗೆ ಹೇಳಬೇಕೆಂದು ತೋರಿಸುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಬೇಕೆನ್ನುತ್ತದೆ.

ನಮ್ಮ ಹಾಸನದವರೇ ಆದ ಬಾನು ಮುಷ್ತಾಕ್ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ಎಲ್ಲರೂ ಸಂಭ್ರಮಿಸಿದೆವು. ಅವರ ಬಾಲ್ಯದ ಒಂದು ಸಂಗತಿಯನ್ನು ಶಿಕ್ಷಕರೆಲ್ಲರೂ ತಿಳಿದಿರಬೇಕು. ಎಂಟು ವರ್ಷದವರಿದ್ದಾಗ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿಕೊಂಡದ್ದು ಒಂದು ಷರತ್ತಿನ ಮೇಲೆ. ಆರು ತಿಂಗಳೊಳಗೆ ಕನ್ನಡ ಓದಲು, ಬರೆಯಲು ಕಲಿಯಬೇಕು. ಬಾಲಕಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ಮಗುವಿನ ಪ್ರತಿಭೆ ದೊಡ್ಡದು, ನಿಜ. ಆದರೆ ಬಾಗಿಲು ಮುಚ್ಚಿ 'ಇವಳಿಗೆ ಕನ್ನಡ ಬಾರದು' ಎಂದು ಕಳುಹಿಸಿಬಿಟ್ಟಿದ್ದರೆ? ಎಲ್ಲ ಮಕ್ಕಳೂ ಕೆಲವು ದಿನಗಳಲ್ಲಿ ಕಲಿಯಲಾರರು. ಕೆಲವರಿಗೆ ಆರು ತಿಂಗಳು ಬೇಕು, ಕೆಲವರಿಗೆ ಎರಡು ವರ್ಷ ಬೇಕು. ಆ ಕಾಲಾವಕಾಶವನ್ನೂ ಕಲಿಸುವ ಕೈಯನ್ನೂ ಕೊಟ್ಟರೆ ಸಾಕು.

ಮನೆಯಿಂದ ಮಗು ತರುವ ಬುದ್ಧಿಯನ್ನೂ ನಾವು ಕಡೆಗಣಿಸಬಾರದು. ಚನ್ನರಾಯಪಟ್ಟಣದಲ್ಲಿ ತಂದೆಯೊಂದಿಗೆ ತೆಂಗಿನಕಾಯಿ ವ್ಯಾಪಾರಕ್ಕೆ ಕೂರುವ ಹುಡುಗ, ಕಾಯಿಗೆ ಮೂವತ್ತು ರೂಪಾಯಿಯಂತೆ ಏಳು ಕಾಯಿ ಕೊಟ್ಟು ಐನೂರರ ನೋಟಿಗೆ ಇನ್ನೂರ ತೊಂಬತ್ತು ಚಿಲ್ಲರೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಎಣಿಸಬಲ್ಲ. ಅದೇ ಲೆಕ್ಕ ಪುಸ್ತಕದಲ್ಲಿ ಬಂದರೆ ತಡವರಿಸುತ್ತಾನೆ. ಕೋಲ್ಕತ್ತಾ ಮತ್ತು ದಿಲ್ಲಿಯ ಮಾರುಕಟ್ಟೆಗಳ ಮಕ್ಕಳ ಮೇಲೆ ನಡೆದು, 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡುಕೊಂಡಿತು. ಅಂಗಡಿಯ ಲೆಕ್ಕ ಬಲ್ಲ ಮಕ್ಕಳಿಗೆ ಶಾಲೆಯ ಲೆಕ್ಕ ಕಷ್ಟ, ಶಾಲೆಯ ಲೆಕ್ಕ ಬಲ್ಲವರಿಗೆ ಅಂಗಡಿಯ ಲೆಕ್ಕ ಕಷ್ಟ. ಎರಡರ ನಡುವೆ ಸೇತುವೆ ಕಟ್ಟುವವರೇ ಒಳ್ಳೆಯ ಶಿಕ್ಷಕರು.

ಶಿಕ್ಷಕರ ಕಷ್ಟವನ್ನೂ ಅರಿಯೋಣ

ಇಷ್ಟೆಲ್ಲ ಹೇಳಿ ಭಾರವನ್ನೆಲ್ಲ ಶಿಕ್ಷಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಹಳ್ಳಿಯ ಶಾಲೆಯ ಶಿಕ್ಷಕಿಗೆ ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ದಾಖಲಾತಿ, ಆನ್‌ಲೈನ್ ಮಾಹಿತಿ, ಸಭೆ, ತರಬೇತಿ, ಚುನಾವಣೆ ಎಂದು ನೂರೆಂಟು ಕೆಲಸ. 'ಪೋರ್ಷನ್ ಮುಗಿಯಿತೇ?' ಎಂದು ಕೇಳುವವರು ಇರುತ್ತಾರೆ, 'ಎಷ್ಟು ಮಕ್ಕಳು ಓದುತ್ತಾರೆ?' ಎಂದು ಕೇಳುವವರು ಕಡಿಮೆ. ಪ್ರಾಥಮಿಕ ಹಂತದಲ್ಲಿ ಮೂವತ್ತು ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು, ವರ್ಷಕ್ಕೆ ಐದನೆಯ ತರಗತಿಯವರೆಗೆ 200 ದಿನ ಮತ್ತು ಆರರಿಂದ ಎಂಟರವರೆಗೆ 220 ದಿನ ಪಾಠ ನಡೆಯಬೇಕು ಎಂದು ಕಾಯ್ದೆ ಹೇಳುತ್ತದೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದು ಎಂದೂ ಹೇಳುತ್ತದೆ. ಅದು ಪಾಲನೆಯಾಗುವಂತೆ ಕೇಳುವ ಹಕ್ಕು ಹೆತ್ತವರಾದ ನಮಗಿದೆ.

ನಾವೇನು ಮಾಡಬಹುದು?

'ನಾನು ಓದಿದವಳಲ್ಲ, ನನ್ನಿಂದ ಏನಾಗುತ್ತದೆ?' ಎನ್ನುವ ತಾಯಂದಿರಿಗೆ ನನ್ನ ಉತ್ತರ ಇದು. ಕನ್ನಡ ಓದಲು ಬಾರದಿದ್ದರೂ ನಿಮಗೆ ಕಿವಿಯಿದೆ. ಮಗ್ರಿಬ್ ನಮಾಝಿನ ನಂತರ ಟಿ.ವಿ., ಮೊಬೈಲ್ ಆರಿಸಿ ಹತ್ತು ನಿಮಿಷ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಸ್ತಕದ ಒಂದು ಪುಟ ಬೆರಳಿಟ್ಟು ಓದಲಿ. ಬೆರಳು ಎಲ್ಲಿ ನಿಲ್ಲುತ್ತದೆ, ಎಲ್ಲಿ ಊಹಿಸಿ ಹೇಳುತ್ತಿದೆ ಎಂಬುದು ನಿಮಗೆ ತಿಳಿದೇ ತಿಳಿಯುತ್ತದೆ. ಓದಿ ಮುಗಿದ ಮೇಲೆ 'ಈಗ ಓದಿದ್ದನ್ನು ನನಗೆ ನಮ್ಮ ಮಾತಿನಲ್ಲಿ ಹೇಳು' ಎನ್ನಿ. ಹೇಳಿದರೆ ಮಗುವಿಗೆ ಅರ್ಥವಾಗಿದೆ. ತಡವರಿಸಿದರೆ ಬರಿಯ ಅಕ್ಷರ ಓದಿದೆ. ಎರಡನ್ನೂ ಮರುದಿನ ಟೀಚರ್‌ಗೆ ತಿಳಿಸಿ. ಯಾವ ಟ್ಯೂಷನ್ನೂ ಕೊಡದ ಮಾಹಿತಿ ಇದು.

ಶಾಲೆಗೆ ಹೋದಾಗ 'ಎಷ್ಟು ಮಾರ್ಕ್ಸ್ ಬಂತು?' ಎಂದು ಮಾತ್ರ ಕೇಳಿ ಬರಬೇಡಿ. 'ನನ್ನ ಮಗಳು ತಾನೇ ಓದುತ್ತಾಳೆಯೇ? ಯಾವ ಲೆಕ್ಕದಲ್ಲಿ ತಪ್ಪುತ್ತಾಳೆ? ತರಗತಿಯಲ್ಲಿ ಬಾಯಿ ಬಿಟ್ಟು ಮಾತನಾಡುತ್ತಾಳೆಯೇ?' ಎಂದು ಕೇಳಿ. ಉತ್ತರ ಹೇಳಬೇಕಾದರೆ ಶಿಕ್ಷಕರು ನಿಮ್ಮ ಮಗುವನ್ನು ಗಮನಿಸಿರಬೇಕು. ನೀವು ಮತ್ತೆ ಬಂದು ಕೇಳುತ್ತೀರೆಂದು ಗೊತ್ತಿದ್ದರೆ ಖಂಡಿತ ಗಮನಿಸುತ್ತಾರೆ. ಪ್ರಶ್ನೆಯನ್ನು ಸಲಾಮಿನ ಮೆದುವಿನಲ್ಲಿ ಕೇಳಿ, ಪೊಲೀಸರ ದನಿಯಲ್ಲಿ ಬೇಡ. ಮಗುವಿನೆದುರು ಶಿಕ್ಷಕರನ್ನು ಹೀಗಳೆಯಲೇಬೇಡಿ. ಹಾಗೆಯೇ 'ಚೆನ್ನಾಗಿ ಹೊಡೆಯಿರಿ, ನಾವೇನೂ ಅನ್ನುವುದಿಲ್ಲ' ಎಂದೂ ಹೇಳಬೇಡಿ. ಹೊಡೆಯುವುದನ್ನೂ ಅವಮಾನಿಸುವುದನ್ನೂ ಕಾಯ್ದೆ ನಿಷೇಧಿಸಿದೆ. ಹೆದರಿದ ಮಗು ತನ್ನ ತಪ್ಪನ್ನು ಮುಚ್ಚಿಡುತ್ತದೆ, ಮುಚ್ಚಿಟ್ಟ ತಪ್ಪನ್ನು ಯಾರೂ ತಿದ್ದಲಾರರು.

ಹಾಜರಿಯ ಬಗ್ಗೆಯೂ ಎಚ್ಚರ ಬೇಕು. ಅರಕಲಗೂಡಿನ ಕಡೆ ಹೊಗೆಸೊಪ್ಪಿನ ಕೆಲಸದ ದಿನಗಳಲ್ಲಿ, ಹಾಸನದ ಕಡೆ ಆಲೂಗೆಡ್ಡೆಯ ಕೆಲಸದ ದಿನಗಳಲ್ಲಿ, ಮನೆಯ ಮದುವೆಗಳಲ್ಲಿ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ನೆಪದಲ್ಲಿ ಹುಡುಗಿಯರೇ ಮೊದಲು ಶಾಲೆ ಬಿಡುತ್ತಾರೆ. ಬಿಟ್ಟ ನಾಲ್ಕು ದಿನಗಳಲ್ಲಿ ಯಾವ ಮೆಟ್ಟಿಲು ತಪ್ಪಿತೋ ಯಾರು ಬಲ್ಲರು?

ಕೊನೆಯದಾಗಿ ಎಸ್‌ಡಿಎಂಸಿ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಈ ಸಮಿತಿಗಳು 2001ರಿಂದ ಇವೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು, ಅರ್ಧದಷ್ಟು ಮಹಿಳೆಯರು ಇರಬೇಕು. ಅಂದರೆ ಆ ಕುರ್ಚಿಗಳಲ್ಲಿ ಅರ್ಧ ನಿಮ್ಮವೇ. ಸಹಿ ಹಾಕಿ ಚಹಾ ಕುಡಿದು ಬರುವುದಕ್ಕೆ ಆ ಕುರ್ಚಿ ಬೇಡ. ಕಾಂಪೌಂಡು, ಶೌಚಾಲಯ, ನೀರಿನ ಮಾತು ಮುಗಿದ ಮೇಲೆ ಒಂದೇ ಒಂದು ಪ್ರಶ್ನೆಯನ್ನು ಪ್ರತಿ ಸಭೆಯಲ್ಲೂ ಕೇಳಿ: 'ಮೂರನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರಲ್ಲಿ ಎಷ್ಟು ಮಂದಿ ಸರಾಗವಾಗಿ ಓದುತ್ತಾರೆ?' ಹೆಸರು ಬೇಡ, ಸಂಖ್ಯೆ ಸಾಕು. ಮುಂದಿನ ಸಭೆಯಲ್ಲಿ ಆ ಸಂಖ್ಯೆ ಏರಿದ್ದರೆ ಶಿಕ್ಷಕರಿಗೆ ಧನ್ಯವಾದ ಹೇಳಿ. ಏರದಿದ್ದರೆ ನಾವು ಯಾವ ರೀತಿ ನೆರವಾಗಬಹುದೆಂದು ಕೇಳಿ. ನಮ್ಮಲ್ಲಿ ಪಿಯುಸಿ, ಡಿಗ್ರಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಶಾಲೆಯ ಒಪ್ಪಿಗೆ ಪಡೆದು ಸಂಜೆ ಒಂದು ಗಂಟೆ ಮೊಹಲ್ಲಾದ ಹತ್ತು ಮಕ್ಕಳಿಂದ ಓದಿಸಿ ಕೇಳುವ ಕೆಲಸವನ್ನು ಅವರು ಮಾಡಬಹುದು.

ಫಲಿತಾಂಶದ ದಿನ ಜಿಲ್ಲೆಯ ಹೆಸರು ಪತ್ರಿಕೆಯಲ್ಲಿ ಬರಲಿ, ನಾವೂ ಹಿಗ್ಗೋಣ. ಆದರೆ ಆ ಹಿಗ್ಗು ನಿಜವಾಗಬೇಕಾದರೆ ಏಳೆಂಟು ವರ್ಷ ಮೊದಲು, ಯಾವುದೋ ಒಂದು ಸಾಮಾನ್ಯ ಬುಧವಾರ, ಯಾರೋ ಒಬ್ಬರು ಆ ಮಗುವನ್ನು ಹತ್ತಿರ ಕೂರಿಸಿಕೊಂಡು 'ಓದು ಮಗಳೇ, ಕೇಳುತ್ತೇನೆ' ಎಂದಿರಬೇಕು. ಅದು ಶಾಲೆಯಲ್ಲಿ ಟೀಚರ್ ಆಗಿರಬಹುದು, ಮನೆಯಲ್ಲಿ ನೀವೇ ಆಗಿರಬಹುದು.